ಡ್ರಮ್ಮರನ್ನು ಯಾರೂ ಕೇಳಲಿಲ್ಲ

ಮಾರ್ಚ್ ೪

ಗಾಜೂ,

ಹರಿದು ಹಾಕುವ ಮೊದಲು ಒಂದು ನಿಮಿಷ ತಡಿ. ಇದು ಕ್ಷಮೆ ಕೇಳುವ ಕಾಗದ ಅಲ್ಲ. ಅಂಥವನ್ನು ಎಂಟು ಬರೆದೆ, ಎಂಟನ್ನೂ ನಾನೇ ಹರಿದೆ.

ಜೈಲಿಗೆ ಬಂದು ನನಗೆ ಎಂಟು ತಿಂಗಳಾಯಿತು. ಬಟ್ಟೆ ಒಗೆಯುವ ವಿಭಾಗಕ್ಕೆ ಹಾಕಿದ್ದಾರೆ. ದಿನಕ್ಕೆ ನಾಲ್ಕುನೂರು ಹೊದಿಕೆ. ಇಬ್ಬರು ಎದುರುಬದುರು ನಿಂತು, ತುದಿ ಹಿಡಿದು, ಕೊಡವಿ, ಮಡಚಬೇಕು. ನನ್ನ ಎದುರು ನಿಲ್ಲುವವನನ್ನು ಎಲ್ಲರೂ 'ಸಹಿ' ಅಂತ ಕರೆಯುತ್ತಾರೆ. ಕಂಡವರ ಸಹಿಯನ್ನೆಲ್ಲ ಅವರಿಗಿಂತ ಚೆನ್ನಾಗಿ ಹಾಕಿ ಒಳಗೆ ಬಂದವನು.

ಹೋದ ವಾರ ಸೋಪಿನ ಪೆಟ್ಟಿಗೆಯೊಳಗೆ ಒಂದು ಹಳೇ ಪತ್ರಿಕೆಯ ಹಾಳೆಗಳು ಬಂದವು. ಏನು ಗೊತ್ತಾ? 'ಎಲ್ಲ ಕಾಲದ ನೂರು ಶ್ರೇಷ್ಠ ಬ್ಯಾಂಡುಗಳು.' ನಮಗೆ ಸಿಕ್ಕಿದ್ದು ನಲವತ್ತರವರೆಗೆ ಮಾತ್ರ. ರೋಲಿಂಗ್ ಸ್ಟೋನ್ಸ್ ಒಂದು, ಬೀಟಲ್ಸ್ ಎರಡು, ಲೆಡ್ ಝೆಪೆಲಿನ್ ಏಳು, ಕ್ವೀನ್ ಹತ್ತೊಂಬತ್ತು. ಹತ್ತೊಂಬತ್ತು! ಅವತ್ತಿನಿಂದ ಇಲ್ಲಿ ಹೊದಿಕೆ ನೆಟ್ಟಗೆ ಮಡಚಿದವರಿಲ್ಲ. ಸಹಿ ಹೇಳುತ್ತಾನೆ, "ಸ್ಟೋನ್ಸೇ ಮೊದಲು. ಅಷ್ಟೆಲ್ಲ ಮಾಡಿಯೂ ಇನ್ನೂ ಹೊರಗೇ ಇದ್ದಾರಲ್ಲ, ಅದಕ್ಕಿಂತ ದೊಡ್ಡಸ್ತಿಕೆ ಬೇಕಾ?"

ನಮ್ಮ ವ್ಯಾನು ಮಗುಚಿ ಒಂದೂವರೆ ವರ್ಷ ಆಯಿತು, ಅವತ್ತಿನಿಂದ ಬ್ಯಾಂಡುಗಳ ವಿಷಯ ಯಾರ ಜೊತೆಗೂ ಮಾತಾಡಿಲ್ಲ. ಆದರೆ ಆ ಪಟ್ಟಿ ನೋಡಿದಾಗಿನಿಂದ ಕೂತಲ್ಲಿ ಕೂರಲು ಆಗುತ್ತಿಲ್ಲ. ಗೋಡೆಯಿಂದ ಗೋಡೆಗೆ ಏಳು ಹೆಜ್ಜೆ, ನಡೆದಾಡುತ್ತಾ ನಿನ್ನ ಜೊತೆ ವಾದ ಮಾಡುತ್ತಿದ್ದೇನೆ. ನೀನೇ ಗೆಲ್ಲುತ್ತಿದ್ದೀಯ. ಅದು ಸರಿಯಲ್ಲ, ಬಂದು ಕಾಗದದಲ್ಲೇ ಗೆಲ್ಲು.

ಮೂರೇ ಜನರ ಬ್ಯಾಂಡು ನಮ್ಮದು. ಮೂರನೆಯವಳ ಬಗ್ಗೆ ಕೇಳುವ ಮುಖ ನನಗಿಲ್ಲ. ಕೇಳುವುದಿಲ್ಲ.

ಕಂಬ


ಮಾರ್ಚ್ ೧೯

ಕಂಬ,

ಕಾಗದ ಬಂತು. ಇನ್ನು ಬರೆಯಬೇಡ. ಅಂಗಡಿಯ ವಿಳಾಸಕ್ಕೆ ಹಾಕಿದ್ದು ಒಳ್ಳೆಯದಾಯಿತು. ಮನೆಗೆ ಬಂದಿದ್ದರೆ ತಂಗಿಯ ಕೈಗೆ ಸಿಗುತ್ತಿತ್ತು.

ನಿನ್ನ ಜೊತೆ ಮಾತಾಡಲು ನನ್ನ ಹತ್ತಿರ ಏನೂ ಇಲ್ಲ.

ಇಷ್ಟು ಬರೆದು ಲಕೋಟೆ ಅಂಟಿಸಿದ್ದೆ. ಮತ್ತೆ ಬಿಚ್ಚಿದೆ. ಬೀಟಲ್ಸನ್ನು ಎರಡನೇ ಜಾಗಕ್ಕೆ ಹಾಕಿದವನಿಗೆ ಕಿವಿ ಇದೆಯಾ? ಇದ್ದದ್ದೇ ಎಂಟು ಹತ್ತು ವರ್ಷ, ಅಷ್ಟರಲ್ಲಿ ಬೇರೆಯವರು ಮೂರು ಜನ್ಮದಲ್ಲಿ ಮಾಡದ್ದನ್ನು ಮಾಡಿ ಎದ್ದು ಹೋದರು. ಆ ಸಹಿಗೆ ಹೇಳು. ಅಷ್ಟೆ.

ಗಾಜು


ಏಪ್ರಿಲ್ ೨

ಗಾಜೂ,

ಹದಿನೈದು ದಿನಕ್ಕೆ ಒಂದೇ ಕಾಗದ, ಎರಡೇ ಹಾಳೆ. ಅದಕ್ಕೇ ತಡ. ಬರೆಯಬೇಡ ಅಂದೆ, ಆದರೆ ಲಕೋಟೆ ಬಿಚ್ಚಿ ಮತ್ತೆ ಅಂಟಿಸಿದ್ದು ಕಾಣುತ್ತಿತ್ತು. ಗೋಂದು ಎರಡು ಸಲ ಹಚ್ಚಿದ್ದೀಯ.

ಸಹಿಗೆ ನಿನ್ನ ಮಾತು ಓದಿ ಹೇಳಿದೆ. "ಯಾರು ಈ ಮನುಷ್ಯ?" ಅಂದ. ಕನ್ನಡಕದ ಅಂಗಡಿಯವನು, ನಮ್ಮ ಬ್ಯಾಂಡಿನ ಗಿಟಾರು ಅಂದೆ. "ಕಣ್ಣಿನ ಡಾಕ್ಟರು ಕಿವಿ ವಿಷಯ ಯಾಕೆ ಮಾತಾಡ್ತಾನೆ?" ಅಂದ. ಒಗೆಯುವ ಕೋಣೆ ಪೂರ್ತಿ ನಕ್ಕಿತು. ನಾನೂ ನಕ್ಕೆ. ನಕ್ಕ ಮೇಲೆ ನೀರಿನ ನಲ್ಲಿ ಹತ್ತಿರ ಹೋಗಿ ಮುಖ ತೊಳೆದುಕೊಂಡೆ.

ಬೀಟಲ್ಸ್ ಒಪ್ಪುತ್ತೇನೆ. ಆದರೆ ಒಂದು ಕಲೆ ಇದೆ ಅವರ ಮೇಲೆ. ಮೊದಲ ಹಾಡಿನ ತಟ್ಟೆ ಬರುವ ಹೊತ್ತಿಗೆ, ಎರಡು ವರ್ಷ ಜೊತೆಗಿದ್ದ ಡ್ರಮ್ಮರನ್ನು ಕೈಬಿಟ್ಟು ಇನ್ನೊಬ್ಬನನ್ನು ಕೂರಿಸಿಕೊಂಡರು. ಹಾಡು ಚೆನ್ನಾಗಿತ್ತು, ಜಗತ್ತು ಕುಣಿಯಿತು, ಸರಿ. ಹೊರಬಿದ್ದವನು ಅವತ್ತು ಸಂಜೆ ಏನು ಮಾಡಿರಬಹುದು ಅಂತ ಯಾರಾದರೂ ಕೇಳಿದರಾ? ದಿ ಹೂ ಬ್ಯಾಂಡು ನೋಡು. ಅವರ ಡ್ರಮ್ಮರ್ ತೀರಿಕೊಂಡ, ಆದರೂ ಅವರು ನಿಲ್ಲಲಿಲ್ಲ. ಅಳುತ್ತಾ ಬಾರಿಸಿದರೋ ಏನೋ, ಬಾರಿಸಿದರು. ನನ್ನ ಪಟ್ಟಿಯಲ್ಲಿ ಅವರು ಮೂರರೊಳಗೆ.

ಕಂಬ


ಏಪ್ರಿಲ್ ೨೦

ಕಂಬ,

ನಿನ್ನ ಕಾಗದ ಬಂದ ದಿನ ಒಬ್ಬರಿಗೆ ಎಡಗಣ್ಣಿನ ನಂಬರು ಬಲಗಣ್ಣಿಗೆ ಹಾಕಿ ಕಳಿಸಿದ್ದೇನೆ. ಬೆಳಗ್ಗೆಯಿಂದ ಸಂಜೆವರೆಗೆ ಜನರ ಮೂಗಿನ ಮೇಲೆ ಗಾಜು ಬದಲಿಸುತ್ತಾ, "ಇದು ಸ್ಪಷ್ಟವಾ, ಅದು ಸ್ಪಷ್ಟವಾ?" ಅಂತ ಕೇಳುವುದು ನನ್ನ ಕೆಲಸ. ಮೊನ್ನೆ ಆ ಹೊತ್ತಿಗೆ ನನ್ನ ತಲೆಯೊಳಗೆ ದಿ ಹೂ.

ಡ್ರಮ್ಮರ್ ಹೋದ ಮೇಲೂ ಬಾರಿಸುವುದು ದೊಡ್ಡ ಮಾತಾ? ಲೆಡ್ ಝೆಪೆಲಿನ್ ಏನು ಮಾಡಿದರು? ಅವರ ಡ್ರಮ್ಮರ್ ಹೋದ. ಮೂರು ತಿಂಗಳೊಳಗೆ, ಇವನಿಲ್ಲದೆ ನಾವಿಲ್ಲ ಅಂತ ಹೇಳಿ ಬಾಗಿಲು ಹಾಕಿಕೊಂಡರು. ಅಷ್ಟು ದೊಡ್ಡ ಬ್ಯಾಂಡು, ಅಷ್ಟು ದುಡ್ಡು ಬರುತ್ತಿದ್ದ ಹೊತ್ತಿನಲ್ಲಿ. ಅದು ಮರ್ಯಾದೆ. ನನಗೆ ಅವರೇ ಮೊದಲು. ಬೀಟಲ್ಸ್ ಮಾತು ವಾಪಸ್ ತಗೊಂಡೆ.

ನಾನೂ ಗಿಟಾರು ಮುಟ್ಟಿಲ್ಲ.

ನೀನು ಕೇಳುವುದಿಲ್ಲ ಅಂದೆ. ಹೇಳದೆ ಇದ್ದರೆ ನಿನಗೆ ಸುಲಭವಾಗಿ ಬಿಡುತ್ತದೆ, ಅದಕ್ಕೆ ಹೇಳುತ್ತೇನೆ, ಕೇಳು. ತಂಗಿಯ ಬಲಗಾಲು ಮೊಣಕಾಲಿನ ಕೆಳಗೆ ಇಲ್ಲ. ವ್ಯಾನು ಆ ನಿಂತ ಲಾರಿಗೆ ತಾಗಿ ಮಗುಚಿದಾಗ ಅವಳ ಕಾಲ ಮೇಲೆ ಬಿದ್ದದ್ದು ನಿನ್ನ ಬೇಸ್ ಗಿಟಾರಿನ ಸ್ಪೀಕರ್ ಪೆಟ್ಟಿಗೆ, ಆ ನಲವತ್ತು ಕಿಲೋದ್ದು. ಈಗ ಕೃತಕ ಕಾಲು. ಬೆಳಗ್ಗೆ ಅದನ್ನು ಹಾಕಿಕೊಳ್ಳುವಾಗ ಕೋಣೆ ಬಾಗಿಲು ಮುಚ್ಚಿಕೊಳ್ಳುತ್ತಾಳೆ. ಶಾಲೆಯಲ್ಲಿ ಆಟದ ಟೀಚರ್ ಆಗಿದ್ದವಳನ್ನು ಆಫೀಸಿಗೆ ಹಾಕಿದ್ದಾರೆ, ಹಾಜರಿ ಪುಸ್ತಕ ಬರೆಯುತ್ತಾಳೆ. ಒಂದು ಕ್ಷಣ ಕೂರದೆ ಹಾರಾಡುತ್ತಿದ್ದವಳಿಗೆ ಮಿಡತೆ ಅಂತ ಹೆಸರಿಟ್ಟಿದ್ದು ನೀನು. ಈಗ ಆ ಹೆಸರು ಮನೆಯಲ್ಲಿ ಯಾರೂ ಕರೆಯುವುದಿಲ್ಲ. ಡ್ರಮ್ಮಿನ ಮಾತೂ ಎತ್ತುವುದಿಲ್ಲ. ಅವಳೂ ಎತ್ತುವುದಿಲ್ಲ.

ಈಗ ಗೊತ್ತಾಯಿತಲ್ಲ.

ಗಾಜು


ಮೇ ೬

ಗಾಜೂ,

ನಿನ್ನ ಕಾಗದ ಅಂಗಿಯ ಜೇಬಿನಲ್ಲಿಟ್ಟುಕೊಂಡು ಹತ್ತು ದಿನ ಹೊದಿಕೆ ಮಡಚಿದೆ. ಪೆಟ್ಟಿಗೆಯ ವಿಷಯ ನನಗೆ ಗೊತ್ತಿತ್ತು. ಅವಳ ಕಾಲ ಮೇಲಿಂದ ಎತ್ತಿದ್ದು ನಾನೇ ಅಲ್ಲವಾ.

ಸಹಿ ಕೇಳಿದ, "ಏನಯ್ಯಾ, ಹೊದಿಕೆಯನ್ನು ನೀನು ಎಳೀತಿದ್ದೀಯೋ ಅದು ನಿನ್ನನ್ನ ಎಳೀತಿದೆಯೋ?"

ನಾನು ನನ್ನ ಮತ ಬದಲಿಸುತ್ತೇನೆ. ನಗಬೇಡ. ಡೆಫ್ ಲೆಪರ್ಡ್. ಪತ್ರಿಕೆಯ ಆ ನಲವತ್ತರಲ್ಲಿ ಅವರಿಲ್ಲ. ನೀನೂ ಅವರನ್ನು ಬ್ಯಾಂಡು ಅಂತಲೇ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ, ಕೂದಲಿಗೆ ಎಣ್ಣೆ ಹಾಕದ ಹುಡುಗರು ಅನ್ನುತ್ತಿದ್ದೆ. ಆದರೆ ಅವರ ಡ್ರಮ್ಮರನಿಗೆ ಕಾರು ಅಪಘಾತದಲ್ಲಿ ಎಡಗೈ ಹೋಯಿತು. ಇನ್ನೊಬ್ಬನನ್ನು ತರಬಹುದಿತ್ತು, ತರಲಿಲ್ಲ. ಬಾಗಿಲೂ ಹಾಕಲಿಲ್ಲ. ಕಾದರು. ಕೈ ಮಾಡುತ್ತಿದ್ದದ್ದನ್ನು ಕಾಲಿನಲ್ಲಿ ಮಾಡುವ ಹಾಗೆ ಡ್ರಮ್ ಬೇರೆಯೇ ಕಟ್ಟಿಸಿಕೊಂಡ ಅವನು. ಆಮೇಲೆ ಬಂದ ತಟ್ಟೆಯೇ ಅವರದ್ದೆಲ್ಲಕ್ಕಿಂತ ಹೆಚ್ಚು ಮಾರಿದ್ದು.

ಕೈ ಕೆಲಸ ಕಾಲು ಮಾಡಬಹುದಾದರೆ, ಬಲಗಾಲಿನ ಕೆಲಸ ಎಡಗಾಲು ಮಾಡಬಾರದಾ? ಇಷ್ಟೇ ನಾನು ಹೇಳುವುದು.

ಕಂಬ


ಮೇ ೧೫

ನಿನಗೆ ನಾಚಿಕೆ ಆಗಬೇಕು. ಕಾಲು ತೆಗೆದವನು ನೀನು, ಅದು ಇಲ್ಲದೆ ಬಾರಿಸುವುದು ಹೇಗೆ ಅಂತ ಹೇಳಿಕೊಡುವವನೂ ನೀನೇ. ಇನ್ನೊಂದು ಕಾಗದ ಬಂದರೆ ಬಿಚ್ಚದೆ ಜೈಲಿನ ಸಾಹೇಬರಿಗೇ ವಾಪಸ್ ಕಳಿಸುತ್ತೇನೆ.


ಆಗಸ್ಟ್ ೧

ಗಾಜೂ,

ಇದನ್ನು ನೀನು ಬಿಚ್ಚುವುದಿಲ್ಲ ಅಂತ ಗೊತ್ತು. ಆದರೂ ತಿಳಿಸಬೇಕಾದ್ದು ತಿಳಿಸಬೇಕು, ಬ್ಯಾಂಡಿನ ಮಾತಿಲ್ಲ ಇದರಲ್ಲಿ.

ಅರ್ಧ ಶಿಕ್ಷೆ ಮುಗಿಸಿದವರನ್ನು ಬೇಗ ಬಿಡಬಹುದಾ ಅಂತ ನೋಡುವ ಸಮಿತಿ ಹೋದ ವಾರ ಬಂದಿತ್ತು. ಮೂರು ಜನ, ಒಂದು ಉದ್ದ ಮೇಜು. ನಡುವೆ ಕೂತ ಹೆಂಗಸು ಕಡತ ತಿರುವಿ ಕೇಳಿದರು:

"ಹದಿನೈದು ವರ್ಷ ಸಿಟಿ ಬಸ್ ಓಡಿಸಿದ್ದೀರಿ. ಒಂದು ಅಪಘಾತವೂ ಇಲ್ಲ. ಅವತ್ತು ಯಾಕೆ ಹಿಂದಕ್ಕೆ ತಿರುಗಿದಿರಿ?"

"ತಿರುಗಿದೆ ಮೇಡಂ. ತಪ್ಪು ನನ್ನದೇ."

"ತಪ್ಪು ಯಾರದ್ದು ಅಂತ ಕೇಳಲಿಲ್ಲ. ಯಾಕೆ ಅಂತ ಕೇಳಿದೆ. ಯಾರಾದರೂ ಕರೆದರಾ? ಏನಾದರೂ ಬಿತ್ತಾ?"

"ಇಲ್ಲ."

"ಸುಮ್ಮನೆ ತಿರುಗಿದಿರಾ?"

"ಸುಮ್ಮನೆ."

ಅವರು ಪೆನ್ನು ಕೆಳಗಿಟ್ಟರು. ಕಾರಣ ಇಲ್ಲದೆ ರಸ್ತೆಯಿಂದ ಕಣ್ಣು ತೆಗೆಯುವ ಚಾಲಕನನ್ನು ಬೇಗ ಹೊರಗೆ ಬಿಡುವುದು ಹೇಗೆ ಅಂದರು. ಆಗುವುದಿಲ್ಲ ಅಂತ ಬರೆದುಕೊಂಡರು. ಅವರು ಹೇಳಿದ್ದು ಸರಿಯೇ.

ಕೋರ್ಟಿನಲ್ಲಿ ಹೇಳಿದ್ದನ್ನೇ ಇಲ್ಲೂ ಹೇಳಿದ್ದೇನೆ. ಒಂದಕ್ಷರ ಹೆಚ್ಚಿಲ್ಲ, ಕಡಿಮೆ ಇಲ್ಲ. ನೀನು ನಿಶ್ಚಿಂತೆಯಿಂದ ಇರು. ಅವಳನ್ನು ನೋಡಿಕೊಳ್ಳಲು ಒಬ್ಬರಾದರೂ ಹೊರಗಿರಬೇಕು ಅಂತ ಅವತ್ತೂ ಅಂದುಕೊಂಡಿದ್ದೆ, ಇವತ್ತೂ ಅದೇ.

ಹೋದ ಸಲ ಬರೆದದ್ದಕ್ಕೆ ಕ್ಷಮಿಸು. ಇದು ಮಾತ್ರ ಕ್ಷಮೆಯ ಕಾಗದ.

ಕಂಬ


ಆಗಸ್ಟ್ ೧೨

ಕಂಬ,

ಬಿಚ್ಚಿದೆ. ನಾಲ್ಕು ದಿನ ಕನ್ನಡಕದ ಗಾಜಿಡುವ ಡ್ರಾಯರಿನಲ್ಲಿ ಹಾಗೇ ಇಟ್ಟಿದ್ದೆ. ಡ್ರಾಯರು ತೆಗೆಯುವುದು, ಮುಚ್ಚುವುದು, ಅಂಗಡಿ ಹೊರಗೆ ಹೋಗಿ ರಸ್ತೆ ಆ ತುದಿ ಮುಟ್ಟಿ ಬರುವುದು, ಮತ್ತೆ ತೆಗೆಯುವುದು. ಐದನೇ ದಿನ ಬಿಚ್ಚಿದೆ.

'ನಿಶ್ಚಿಂತೆಯಿಂದ ಇರು' ಅಂತ ಬರೆದಿದ್ದೀಯ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ ಮಾರಾಯ.

ಇದನ್ನು ನಾನು ಎಲ್ಲೂ ಬರೆದಿಲ್ಲ, ಯಾರಿಗೂ ಹೇಳಿಲ್ಲ. ಮೊದಲು ನಿನಗೇ ಬರೆಯುತ್ತೇನೆ. ನಿನಗೆ ಗೊತ್ತಿರುವುದೇ. ಆದರೂ ನನ್ನ ಕೈಬರಹದಲ್ಲಿ ಇರಬೇಕು.

ನೀನು ಹಿಂದಕ್ಕೆ ತಿರುಗಲಿಲ್ಲ. ಮಧ್ಯಾಹ್ನ ಮೂರು ಗಂಟೆ, ಮದುವೆ ಮನೆಗೆ ಬಾರಿಸಲು ಹೋಗುತ್ತಿದ್ದೆವು. ವ್ಯಾನಿನಲ್ಲಿ ಒಂದು ಗಂಟೆಯಿಂದ ಅದೇ ಜಗಳ, ಯಾರು ದೊಡ್ಡವರು. ಹಾಡುತ್ತಿದ್ದ ಕ್ಯಾಸೆಟ್ಟಿನಲ್ಲಿ ಡ್ರಮ್ ಬಾರಿಸಿದವನು ಬೇರೆಯವನು ಅಂದೆ ನೀನು. ಅಲ್ಲ ಅಂದೆ ನಾನು. ನೀನು ನಕ್ಕೆ. ಆ ನಗು ನನಗೆ ತಡೆಯಲಾಗಲಿಲ್ಲ. ಕ್ಯಾಸೆಟ್ಟಿನ ಒಳಗಿನ ಚೀಟಿ ಬಿಡಿಸಿ ನಿನ್ನ ಮುಖದ ಮುಂದೆ ಹಿಡಿದೆ. "ಓದು, ಇಲ್ಲಿದೆ, ಓದೋ!" ಅಂದೆ. "ತೆಗಿಯೋ, ರಸ್ತೆ ಕಾಣ್ತಿಲ್ಲ" ಅಂದೆ ನೀನು. ಎರಡು ಸಲ ಅಂದೆ. ನಾನು ಇನ್ನೂ ಹತ್ತಿರ ಹಿಡಿದೆ. ಇರುವೆಯಷ್ಟು ಅಕ್ಷರ ಅದರಲ್ಲಿ. ನನ್ನ ಅಂಗಡಿಯಲ್ಲಾದರೆ ಆ ಅಕ್ಷರ ಓದಿಸಲು ಕತ್ತಲೆ ಕೋಣೆ, ದೀಪ, ಕುರ್ಚಿ ಎಲ್ಲ ಬೇಕು. ನಿನಗೆ ಅದನ್ನು ಓಡುವ ವ್ಯಾನಿನಲ್ಲಿ ಓದಿಸಲು ಹೋದೆ.

ಆಸ್ಪತ್ರೆಯ ಬೆಂಚಿನ ಮೇಲೆ ಪೊಲೀಸಿನವರು ಕೇಳಿದಾಗ ಒಳಗೆ ಅವಳ ಕಾಲು ತೆಗೆಯುತ್ತಿದ್ದರು. "ಅವನು ಹಿಂದಕ್ಕೆ ತಿರುಗಿದ" ಅಂತ ಬಾಯಿಗೆ ಬಂತು. ಬಂದ ಮೇಲೆ ಅದೇ ಕಾಗದಕ್ಕೆ ಹೋಯಿತು, ಕೋರ್ಟಿಗೆ ಹೋಯಿತು. ನೀನು ಅಲ್ಲಿ ಹೌದು ಅಂತ ತಲೆಯಾಡಿಸಿದೆ. ನೀನು ತಲೆಯಾಡಿಸಿದ್ದಕ್ಕೇ ನನಗೆ ನಿನ್ನ ಮೇಲೆ ಅಷ್ಟು ಸಿಟ್ಟು. ಎರಡು ವರ್ಷದಿಂದ ಆ ಸಿಟ್ಟನ್ನು ಸಾಕಿದ್ದೇನೆ. ಅದು ಇದ್ದರೆ ಬೇರೆ ಏನೂ ಯೋಚಿಸಬೇಕಾಗಿರಲಿಲ್ಲ.

ಇವತ್ತು ಸಂಜೆ ಅಂಗಡಿ ಮುಚ್ಚಿ ಮನೆಗೆ ಹೋಗಿ ಅವಳಿಗೆ ಹೇಳುತ್ತೇನೆ. ನಾಳೆ ವಕೀಲರ ಹತ್ತಿರ.

ಗಾಜು


ಸೆಪ್ಟೆಂಬರ್ ೩

ಕಂಬಣ್ಣಾ,

ನಾನು. ನೀನು ಕೇಳುವುದಿಲ್ಲ ಅಂತ ಶಪಥ ಮಾಡಿದ ಮೂರನೆಯವಳು.

ಆ ಸಂಜೆ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದೆ. ಅಣ್ಣ ಬಂದವನು ಚಪ್ಪಲಿ ಕೂಡ ಬಿಡಲಿಲ್ಲ. ಎಲ್ಲ ಹೇಳಿದ. ಹೇಳಿ ನಿನ್ನ ಕಾಗದಗಳ ಕಟ್ಟು ಈರುಳ್ಳಿ ಪಕ್ಕ ಇಟ್ಟು, ಹೋಮ್‌ವರ್ಕ್ ಮಾಡದ ಹುಡುಗನ ಹಾಗೆ ಗೋಡೆಗೆ ಒರಗಿ ನಿಂತ. ನಾನು ನಿಂತೇ ಓದಿದೆ. ತಾನು ಬರೆದದ್ದನ್ನು ಅವನು ಬಾಯಲ್ಲಿ ಹೇಳಿದ, ಒಂದು ಮಾತೂ ಮರೆತಿಲ್ಲ ಅವನು. ಕೇಳಿ ಮುಗಿಸಿ ಪಾತ್ರೆ ಮುಚ್ಚಳ ತಗೊಂಡು ಅವನ ಭುಜಕ್ಕೆ ಒಂದು ಕೊಟ್ಟೆ. ಆಮೇಲೆ ನಗು ಬಂತು. ನಿಲ್ಲಿಸಲು ಆಗಲಿಲ್ಲ.

ಯಾಕೆ ಗೊತ್ತಾ? ಬೀಟಲ್ಸಿನ ಡ್ರಮ್ಮರ್, ಹೂ ಡ್ರಮ್ಮರ್, ಝೆಪೆಲಿನ್ ಡ್ರಮ್ಮರ್, ಒಂದು ಕೈಯ ಡ್ರಮ್ಮರ್. ಆರು ತಿಂಗಳು ಲೋಕದ ಡ್ರಮ್ಮರುಗಳ ವಿಚಾರವೆಲ್ಲ ಮಾಡಿದಿರಿ. ನಿಮ್ಮ ಡ್ರಮ್ಮರ್ ಮನೆಯಲ್ಲೇ ಇದ್ದಳು. ಒಬ್ಬರಾದರೂ ಕೇಳಬಹುದಿತ್ತು. ಬ್ಯಾಂಡಿನಲ್ಲಿದ್ದ ಐದು ವರ್ಷದಲ್ಲೂ ನೀವಿಬ್ಬರು ಮುಂದೆ ಕೂತು ಕಿತ್ತಾಡುತ್ತಿದ್ದಿರಿ, ನಾನು ಹಿಂದೆ. ನಿನಗೆ ಯಾರು ಇಷ್ಟ ಅಂತ ಒಂದು ದಿನ ಕೇಳಿದವರಿಲ್ಲ.

ನನಗೆ ಇಷ್ಟ ಆಬ್ಬಾ, ಆ ಕುಣಿಸುವ ಹಾಡುಗಳ ಬ್ಯಾಂಡು. ನಗುವುದಾದರೆ ನಗು, ನಿನ್ನ ಸಹಿಯೂ ನಗಲಿ. ಮೊದಲೂ ಇಷ್ಟವಿತ್ತು, ಹೇಳಿದರೆ ನೀವಿಬ್ಬರೂ ವ್ಯಾನಿನಿಂದ ಇಳಿಸುತ್ತಿದ್ದಿರಿ ಅಂತ ಸುಮ್ಮನಿದ್ದೆ. ಆದರೆ ಹೊಸ ಕಾಲಿನಲ್ಲಿ ನಡೆಯಲು ಕಲಿಸುವ ಕೋಣೆಯಲ್ಲಿ ಇದ್ದದ್ದು ಒಂದೇ ಕ್ಯಾಸೆಟ್ಟು, ಅವರದ್ದು. ಎರಡು ಕಂಬಿ ಹಿಡಿದುಕೊಂಡು ಆ ತಾಳಕ್ಕೆ ಹೆಜ್ಜೆ ಇಟ್ಟೆ. ಬೀಳಿಸದ ತಾಳ ಅದು. ನಿಮ್ಮ ಝೆಪೆಲಿನ್‌ಗೆ ಹೆಜ್ಜೆ ಇಟ್ಟಿದ್ದರೆ ಎರಡನೇ ಕಾಲೂ ಹೋಗುತ್ತಿತ್ತು.

ಇನ್ನೊಂದು ವಿಷಯ. ನಾನು ಡ್ರಮ್ಮಿನ ಮಾತೇ ಎತ್ತುವುದಿಲ್ಲ ಅಂತ ಅಣ್ಣ ಬರೆದಿದ್ದಾನೆ, ಪಾಪ. ಜನವರಿಯಿಂದ ಬಾರಿಸುತ್ತಿದ್ದೇನೆ. ಸ್ನೇರು ಡ್ರಮ್ಮು ಒಂದು ದಿನ, ಪೆಡಲು ಒಂದು ದಿನ, ಹೀಗೆ ಬಿಡಿಬಿಡಿಯಾಗಿ ಆಟೋದಲ್ಲಿ ಶಾಲೆಗೆ ಸಾಗಿಸಿದೆ. ಶನಿವಾರ ಮಧ್ಯಾಹ್ನ ಮಕ್ಕಳೆಲ್ಲ ಹೋದ ಮೇಲೆ ಸಂಗೀತದ ಕೋಣೆಯಲ್ಲಿ ನಾನು, ನಮ್ಮ ಟೈಪಿಸ್ಟು, ವಿಜ್ಞಾನದ ಟೀಚರು. ಟೈಪಿಸ್ಟಿನ ಬೆರಳು ಕೀಬೋರ್ಡಿನ ಮೇಲೆ ಓಡುವುದನ್ನು ನೀನು ನೋಡಬೇಕು. ದೊಡ್ಡ ಡ್ರಮ್ಮಿನ ಒದೆತ ಎಡಗಾಲಿಗೆ ಕೊಟ್ಟಿದ್ದೇನೆ. ಶುದ್ಧ ದಡ್ಡ ಕಾಲು ಅದು, ಮೂರು ತಿಂಗಳು ಅತ್ತಿತು, ಈಗ ಮಾತು ಕೇಳುತ್ತದೆ. ನೀನು ಮೇ ತಿಂಗಳಲ್ಲಿ ಬರೆದದ್ದನ್ನು ನಾನು ಜನವರಿಯಲ್ಲೇ ಮಾಡಿದ್ದೆ. ನಿನ್ನ ಸಲಹೆ ಬೇಕಿರಲಿಲ್ಲ. ಆದರೆ ಬರೆದೆಯಲ್ಲ, ಅದಕ್ಕೆ ನನಗೆ ಸಿಟ್ಟಿಲ್ಲ.

ನಮ್ಮ ಬ್ಯಾಂಡಿಗೆ ಮಾತ್ರ ನಾನು ವಾಪಸ್ ಬರುವುದಿಲ್ಲ. ಇದನ್ನು ಈಗಲೇ ಹೇಳಿಬಿಡುತ್ತೇನೆ, ನೀನು ಹೊರಗೆ ಬಂದು ಆಸೆ ಇಟ್ಟುಕೊಳ್ಳಬಾರದು. ನನಗೆ ಕಾದಿದ್ದೀರಿ, ಸಂತೋಷ. ನಾನು ಬೇರೆ ಕಡೆ ಕೂತಾಯಿತು.

ಅಣ್ಣ ವಕೀಲರ ಹತ್ತಿರ ಹೋದ. ಹೇಳಿಕೆ ಬರೆದು ಕೊಟ್ಟಿದ್ದಾನೆ. ಸುಳ್ಳು ಸಾಕ್ಷಿ ಹೇಳಿದ್ದಕ್ಕೆ ಅವನ ಮೇಲೂ ಕೇಸು ಆಗಬಹುದು ಅಂದರಂತೆ. ಆಗಲಿ ಅಂತ ಬಂದು ಅನ್ನ ಉಂಡ, ಎರಡು ವರ್ಷದಲ್ಲಿ ಮೊದಲ ಸಲ ಎರಡನೇ ಸಲ ಬಡಿಸಿಕೊಂಡ. ನಿನ್ನ ಕೇಸು ಮತ್ತೆ ತೆರೆಯುತ್ತಾರೆ. ಎಷ್ಟು ಕಡಿಮೆ ಮಾಡುತ್ತಾರೋ ಗೊತ್ತಿಲ್ಲ. ಸ್ಟಿಯರಿಂಗ್ ಹಿಡಿದವನಿಗೆ ವ್ಯಾನು ನಿಲ್ಲಿಸುವ ಹೊಣೆ ಇತ್ತು ಅಂತಲೂ ವಕೀಲರು ಹೇಳುತ್ತಾರೆ. ನಿನಗೂ ಹಾಗೇ ಅನ್ನಿಸುತ್ತದೆ ಅಂತ ನನಗೆ ಗೊತ್ತು.

ಇಷ್ಟೆಲ್ಲ ಬರೆದದ್ದು ಈಗ ಬರೆಯಬೇಕಾದ್ದನ್ನು ಮುಂದೂಡಲು. ಎರಡು ಸಲ ಎದ್ದು ನೀರು ಕುಡಿದು ಬಂದೆ.

ನಾನು ಡಾಕ್ಟರಿಗೆ, ಪೊಲೀಸಿಗೆ, ಜಡ್ಜಿಗೆ ಹೇಳಿದ್ದು ಒಂದೇ. ನಿದ್ದೆ ಬಂದಿತ್ತು, ಏನೂ ನೋಡಲಿಲ್ಲ ಅಂತ. ಅಣ್ಣ ನಿನ್ನೆಯವರೆಗೂ ಅದನ್ನೇ ನಂಬಿದ್ದ. ನೀನೂ ನಂಬಿದ್ದೀಯ. ಹಾಡು ಜೋರಾಗಿ ಹಾಕಿ ನೀವಿಬ್ಬರು ಗಂಟಲು ಹರಿಯುವ ಹಾಗೆ ಕಿರುಚುತ್ತಿದ್ದ ವ್ಯಾನಿನಲ್ಲಿ ಮಧ್ಯಾಹ್ನ ಮೂರು ಗಂಟೆಗೆ ಯಾರಿಗೆ ನಿದ್ದೆ ಬರುತ್ತದೆ? ಕಾಲು ಹೋದ ಹುಡುಗಿ ಅಂತ ಯಾರೂ ಎರಡನೇ ಪ್ರಶ್ನೆ ಕೇಳಲಿಲ್ಲ.

ನಾನು ನೋಡಿದೆ. ಚೀಟಿ ನೋಡಿದೆ, ನೀನು ಕತ್ತು ಆಚೆ ಈಚೆ ಮಾಡಿದ್ದು ನೋಡಿದೆ. ನೋಡಿ ಬಿದ್ದು ಬಿದ್ದು ನಗುತ್ತಿದ್ದೆ. "ಇನ್ನೂ ಹತ್ತಿರ ಹಿಡಿ, ಅವನಿಗೆ ಕನ್ನಡಕ ಬೇಕು!" ಅಂತ ಕೂಗಿದ್ದೂ ನಾನೇ. ಆ ಗದ್ದಲದಲ್ಲಿ ನಿಮಗೆ ಕೇಳಿಸಲಿಲ್ಲವೋ, ಮರೆತಿರೋ.

ಅಪ್ಪ ಅಮ್ಮ ಹೋದ ಮೇಲೆ ನನಗೆ ಇದ್ದದ್ದು ಅವನೊಬ್ಬ. ಕೋರ್ಟಿನಲ್ಲಿ ಅವನನ್ನು ಉಳಿಸಿಕೊಂಡೆ, ನಿನ್ನನ್ನು ಕೊಟ್ಟುಬಿಟ್ಟೆ. ಕಾಲು ಹೋದವಳು ನಾನು, ನನಗೆ ಅಷ್ಟು ಹಕ್ಕಿದೆ ಅಂದುಕೊಂಡೆ. ಇಲ್ಲ ಅಂತ ಗೊತ್ತಾಗಲು ಇಷ್ಟು ದಿನ ಬೇಕಾಯಿತು. ನಿನ್ನೆ ಅಣ್ಣನಿಗೂ ಹೇಳಿದೆ. ಅವನು ಎದ್ದು ಉಳಿದ ಪಾತ್ರೆ ತೊಳೆದ.

ನಾಳೆ ಹತ್ತೂವರೆಗೆ ನನ್ನ ಹೇಳಿಕೆ ತಗೊಳ್ಳುತ್ತಾರೆ. ಕಚೇರಿ ಮೂರನೇ ಮಹಡಿಯಲ್ಲಿದೆ, ಲಿಫ್ಟು ಕೆಟ್ಟಿದೆಯಂತೆ. ಎತ್ತಿಕೊಂಡು ಹೋಗುತ್ತೇನೆ ಅಂದ ಅಣ್ಣ. ಕೆಳಗೇ ಇರು ಅಂದಿದ್ದೇನೆ. ನಾನೇ ಹತ್ತುತ್ತೇನೆ.

ಮಿಡತೆ